ಶಾಪದ ಕಲ್ಲಿನಿಂದ ನೀಲಿ ಫಲಕದವರೆಗೆ

ಕರ್ನಾಟಕದ ಅನೇಕ ಹಳೆಯ ಗುಡಿಗಳ ಅಂಗಳದಲ್ಲಿ ಎರಡು ಬಗೆಯ ಎಚ್ಚರಿಕೆಗಳು ಒಟ್ಟಿಗೇ ಕಾಣಸಿಗುತ್ತವೆ. ಮೊದಲನೆಯದು ಬಾಗಿಲ ಬಳಿಯ ನೀಲಿ ಫಲಕ. ಇದು ಸಂರಕ್ಷಿತ ಸ್ಮಾರಕ, ಇದಕ್ಕೆ ಹಾನಿ ಮಾಡಿದವರಿಗೆ ಇಷ್ಟು ಸೆರೆವಾಸ, ಇಷ್ಟು ದಂಡ ಎಂದು ಬಿಳಿಯ ಅಕ್ಷರಗಳಲ್ಲಿ ಸಾರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರಕಟಣೆ. ಎರಡನೆಯದು ಮೂಲೆಯಲ್ಲಿ ನಿಂತ ಶಾಸನದ ಕಲ್ಲು. ದಾನದ ವಿವರಗಳೆಲ್ಲ ಮುಗಿದ ಮೇಲೆ ಅದರ ಕೊನೆಯ ಸಾಲುಗಳಲ್ಲಿ ಬರುವುದೂ ಎಚ್ಚರಿಕೆಯೇ. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗಲಿ, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ ಎಂಬ ಶಾಪ ಅಲ್ಲಿದೆ.

ಒಂದು ಶಾಪ, ಇನ್ನೊಂದು ಕಾನೂನು. ಇವೆರಡರ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದ್ದರೂ ಎರಡೂ ಎದುರಿಸುವ ಸಮಸ್ಯೆ ಒಂದೇ. ಹಿಂದಿನವರು ಬಿಟ್ಟುಹೋದದ್ದನ್ನು ಇಂದಿನವರ ಕೈಯಿಂದ ಕಾಪಾಡುವುದು ಹೇಗೆ? ಪಾರಂಪರಿಕ ನೆಲದ ಮೇಲೆ ಸಾಮಾನ್ಯ ಜನ ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮಗಳ ಕಥೆ ಈ ಪ್ರಶ್ನೆಗೆ ಹುಡುಕಿದ ಉತ್ತರಗಳ ಕಥೆಯೇ ಆಗಿದೆ. ಅದನ್ನು ನೋಡಲು ಹಂಪಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲ.

ಶಾಪ ಕಾಯುತ್ತಿದ್ದುದು ಏನನ್ನು?

ಶಾಸನಗಳ ಶಾಪಾಶಯ ಇಂದಿನ ಅರ್ಥದಲ್ಲಿ ಸ್ಮಾರಕ ರಕ್ಷಣೆಯ ಮಾತಲ್ಲ. ಅದು ಮುಖ್ಯವಾಗಿ ಕಾಯುತ್ತಿದ್ದುದು ದಾನವನ್ನು. ಅಂದರೆ ಗುಡಿಯ ನಿತ್ಯಪೂಜೆಗೆ, ದೀಪಕ್ಕೆ, ಕೆರೆಯ ದುರಸ್ತಿಗೆ, ಅನ್ನಸತ್ರಕ್ಕೆ ಬಿಟ್ಟ ಭೂಮಿಯನ್ನು. ಸೂರ್ಯಚಂದ್ರರಿರುವವರೆಗೆ ಈ ದತ್ತಿ ನಡೆಯಬೇಕೆಂದು ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನೇ ಕೆತ್ತುತ್ತಿದ್ದರು. ಓದು ಬಾರದವನಿಗೂ ಅರ್ಥವಾಗುವ ಚಿತ್ರ ಅದು. ಭೂಮಿ ಉಳಿದರೆ ಆದಾಯ ಉಳಿಯುತ್ತದೆ, ಆದಾಯವಿದ್ದರೆ ಗುಡಿ ತಾನಾಗಿ ಉಳಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಹಾಗೆಂದು ಹಳಬರು ಕಟ್ಟಡವನ್ನು ಇದ್ದಂತೆಯೇ ಇಡಬೇಕೆಂದು ಬಯಸಿದವರಲ್ಲ. ಒಬ್ಬ ಅರಸ ಗರ್ಭಗುಡಿ ಕಟ್ಟಿಸಿದರೆ ಮುಂದಿನವನು ಮಂಟಪ ಸೇರಿಸುತ್ತಿದ್ದ, ಅವನ ನಂತರದವನು ಗೋಪುರ ಎತ್ತಿಸುತ್ತಿದ್ದ. ಹಂಪಿಯ ವಿರೂಪಾಕ್ಷ ದೇವಾಲಯ ಬೆಳೆದದ್ದು ಹೀಗೆ. ಅಲ್ಲಿನ ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ವೇಳೆಗೆ ಸೇರಿದ್ದು. ಜೀರ್ಣೋದ್ಧಾರ ಎಂಬುದು ಪುಣ್ಯದ ಕೆಲಸವಾಗಿತ್ತು. ಹಳೆಯದನ್ನು ಮುಟ್ಟಬಾರದು ಎಂಬ ಭಾವನೆ ಬಂದದ್ದು ಬಹಳ ಈಚೆಗೆ. ಅದು ಬಂದದ್ದು ಕಾನೂನಿನ ಮೂಲಕ.

ಕಂಪನಿ ಸರಕಾರದ ಮೊದಲ ಹೆಜ್ಜೆ

1565ರ ಯುದ್ಧದ ನಂತರ ಪಾಳುಬಿದ್ದ ವಿಜಯನಗರವನ್ನು ಅಳೆದು ನಕ್ಷೆ ಬರೆದ ಮೊದಲಿಗರಲ್ಲಿ ಕಾಲಿನ್ ಮೆಕೆಂಜಿ ಒಬ್ಬ. ಅವನು ಇಲ್ಲಿಗೆ ಬಂದದ್ದು 1799ರಲ್ಲಿ. ಮರುವರ್ಷ, 1800ರಲ್ಲಿ, ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹಾಗಾಗಿ ಹಂಪಿ ಮದರಾಸು ಪ್ರಾಂತ್ಯದ ಆಡಳಿತಕ್ಕೆ ಸೇರಿತು.

ಬಂಗಾಳದಲ್ಲಿ 1810ರಲ್ಲಿ, ಮದರಾಸಿನಲ್ಲಿ 1817ರಲ್ಲಿ ಕಂಪನಿ ಸರಕಾರ ಒಂದೊಂದು ರೆಗ್ಯುಲೇಷನ್ ಹೊರಡಿಸಿತು. ಗುಡಿ, ಮಸೀದಿ, ಸತ್ರ, ಸೇತುವೆ ಮುಂತಾದ ಸಾರ್ವಜನಿಕ ಕಟ್ಟಡಗಳನ್ನು ಖಾಸಗಿಯವರು ದುರುಪಯೋಗ ಮಾಡಿಕೊಂಡರೆ ಸರಕಾರ ಮಧ್ಯೆ ಬರಬಹುದು ಎಂಬುದು ಇವುಗಳ ತಿರುಳು. ಶಾಸನದ ಕಲ್ಲಿನ ಹಾಗೆ ಇಲ್ಲಿಯೂ ಚಿಂತೆ ದತ್ತಿಯ ಆದಾಯದ್ದೇ. 1863ರ 20ನೆಯ ಕಾಯಿದೆಯಲ್ಲಿ ಮಾತ್ರ ಒಂದು ಹೊಸ ವಿಚಾರ ಇಣುಕಿತು. ಪ್ರಾಚೀನತೆಗಾಗಲೀ ಇತಿಹಾಸ ಅಥವಾ ವಾಸ್ತುಶಿಲ್ಪದ ಮೌಲ್ಯಕ್ಕಾಗಲೀ ಹೆಸರಾದ ಕಟ್ಟಡಗಳನ್ನು ಹಾನಿಯಿಂದ ತಪ್ಪಿಸಿ ಉಳಿಸುವ ಅಧಿಕಾರ ಸರಕಾರಕ್ಕಿದೆ ಎಂದು ಅದು ಹೇಳಿತು. ಅದಕ್ಕೆ ಎರಡು ವರ್ಷ ಮೊದಲು, 1861ರಲ್ಲಿ, ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್‌ನ ನೇತೃತ್ವದಲ್ಲಿ ಪುರಾತತ್ವ ಸರ್ವೇಕ್ಷಣೆ ಆರಂಭವಾಗಿತ್ತು.

ಆದರೆ ಆ ಕಾಲದಲ್ಲಿ ಸ್ಮಾರಕಗಳನ್ನು ಹಾಳುಗೆಡವುತ್ತಿದ್ದವರು ಯಾರು? ಹಳ್ಳಿಯವರು ಬಿದ್ದ ಗುಡಿಯ ಕಲ್ಲನ್ನು ಮನೆಗೆ, ಬಾವಿಗೆ ಒಯ್ಯುತ್ತಿದ್ದುದು ನಿಜ. ಸರಕಾರವೇನೂ ಹಿಂದೆ ಬಿದ್ದಿರಲಿಲ್ಲ. 1899ರಲ್ಲಿ ವೈಸರಾಯ್ ಆಗಿ ಬಂದ ಲಾರ್ಡ್ ಕರ್ಜನ್ ದೇಶ ಸುತ್ತಿ ನೋಡಿದಾಗ ಇದು ಅವನ ಕಣ್ಣಿಗೆ ಬಿತ್ತು. ನಮ್ಮ ಬಿಜಾಪುರದಲ್ಲಿಯೇ ಒಂದು ಮಸೀದಿ ಸರಕಾರಿ ಪ್ರಯಾಣಿಕರು ತಂಗುವ ಡಾಕ್ ಬಂಗಲೆಯಾಗಿತ್ತು, ಇನ್ನೊಂದರಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು. ಅವುಗಳನ್ನು ಅಲ್ಲಿಂದ ತೆರವು ಮಾಡಿಸಲು ವೈಸರಾಯನೇ ಮನಸ್ಸು ಮಾಡಬೇಕಾಯಿತು. ಜನರಿಗೆ ನಿಯಮ ಹೇಳುವ ಮೊದಲು ಸರಕಾರ ತನ್ನ ಕಚೇರಿಗಳನ್ನೇ ಹೊರಗೆ ಹಾಕಬೇಕಾಗಿ ಬಂದದ್ದು ಈ ಇತಿಹಾಸದ ಒಂದು ಸ್ವಾರಸ್ಯ.

ಕರ್ಜನ್ 1902ರಲ್ಲಿ ಜಾನ್ ಮಾರ್ಷಲ್‌ನನ್ನು ಇಲಾಖೆಯ ಮಹಾನಿರ್ದೇಶಕನನ್ನಾಗಿ ಕರೆತಂದ. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಜಾರಿಗೆ ಬಂತು. ಸ್ಮಾರಕವನ್ನು ನಾಶಪಡಿಸಿದ, ಕೆಡಿಸಿದ ಅಥವಾ ವಿರೂಪಗೊಳಿಸಿದ ಅಪರಾಧಕ್ಕೆ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇತ್ತು: ನಿಯಮಗಳಿಗೆ ಒಳಪಟ್ಟು ಸಾರ್ವಜನಿಕರಿಗೆ ಸ್ಮಾರಕದೊಳಗೆ ಪ್ರವೇಶಿಸುವ ಹಕ್ಕು ಇದೆ.

ಈ ಎರಡನೆಯ ಮಾತು ಅನೇಕರ ಗಮನಕ್ಕೆ ಬಂದಿಲ್ಲ. ಸ್ವತಂತ್ರ ಭಾರತದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ 18ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ. ಅಂದರೆ ಸಂರಕ್ಷಿತ ಸ್ಮಾರಕಕ್ಕೆ ಬರುವವನು ಅಲ್ಲಿ ಯಾರದೋ ದಯೆಯಿಂದ ಒಳಗೆ ಬಿಟ್ಟುಕೊಂಡ ಅತಿಥಿಯಲ್ಲ. ಅವನಿಗೆ ಹಕ್ಕಿದೆ, ಆ ಹಕ್ಕಿಗೆ ಹೊಂದಿಕೊಂಡೇ ನಿಯಮಗಳೂ ಇವೆ.

ಎಂಟನೆಯ ನಿಯಮ

ಪ್ರವಾಸಿಗನ ನಡವಳಿಕೆಯನ್ನು ನೇರವಾಗಿ ಹೇಳುವುದು ಕಾಯಿದೆಯಲ್ಲ, ಅದರಡಿಯಲ್ಲಿ 1959ರಲ್ಲಿ ರಚಿಸಿದ ನಿಯಮಾವಳಿ. ಅದರ ಎಂಟನೆಯ ನಿಯಮ ಓದಲು ಒಂದು ಪಟ್ಟಿಯ ಹಾಗಿದೆ. ಸ್ಮಾರಕದೊಳಗೆ ಹಾನಿಯಾಗುವಂಥ ಯಾವ ಕೆಲಸವನ್ನೂ ಮಾಡಬಾರದು. ಬಂದೂಕು ಹಾರಿಸಬಾರದು. ಅದಕ್ಕೆಂದು ಬಿಟ್ಟ ಜಾಗದಲ್ಲಿ ಹೊರತು ಅಡುಗೆ ಮಾಡಬಾರದು, ಊಟ ಮಾಡಬಾರದು. ಪರವಾನಗಿ ಇಲ್ಲದೆ ಸರಕು ಮಾರಬಾರದು, ಜಾಹೀರಾತು ಹಚ್ಚಬಾರದು, ಹಣ ಪಡೆದು ಸ್ಮಾರಕ ತೋರಿಸಬಾರದು. ಭಿಕ್ಷೆ ಬೇಡಬಾರದು. ಆ ಸ್ಥಳದ ರೂಢಿ ಸಂಪ್ರದಾಯಗಳನ್ನು ಮೀರಬಾರದು. ಪ್ರಾಣಿಗಳನ್ನು ತರಬಾರದು, ವಾಹನಗಳನ್ನು ನಿಲುಗಡೆಯ ಜಾಗ ಬಿಟ್ಟು ಬೇರೆಡೆ ಒಯ್ಯಬಾರದು.

ಪ್ರಾಣಿಗಳ ನಿಷೇಧವನ್ನು ಹಂಪಿಯ ಕೋತಿಗಳು ಓದಿಲ್ಲ ಎಂಬುದು ಬೇರೆ ಮಾತು.

ಇವನ್ನು ಒಂದೊಂದಾಗಿ ನೋಡಿದರೆ ಹಿಂದಿನ ಕಾರಣಗಳು ಕಾಣುತ್ತವೆ. ಅಡುಗೆಯ ನಿಷೇಧ ಸ್ವಚ್ಛತೆಗಾಗಿ ಮಾತ್ರವಲ್ಲ. ಒಲೆಯ ಹೊಗೆ ಮಂಟಪದ ಮಾಡಿಗೆ ಏರಿ ಮಸಿಯಾಗಿ ಕೂರುತ್ತದೆ. ವಿರೂಪಾಕ್ಷನ ರಂಗಮಂಟಪದ ಮಾಡಿನಲ್ಲಿರುವಂಥ ವರ್ಣಚಿತ್ರಗಳಿಗೆ ಮಸಿ, ಎಣ್ಣೆಯ ಜಿಡ್ಡು ಶತ್ರುಗಳು. ಒಮ್ಮೆ ಕೂತ ಮಸಿಯನ್ನು ತೆಗೆಯುವಾಗ ಬಣ್ಣವೂ ಏಳುವ ಭಯವಿರುತ್ತದೆ. ಇನ್ನು ಚೆಲ್ಲಿದ ಅನ್ನ ಇರುವೆ, ಇಲಿ, ಕೋತಿಗಳನ್ನು ಕರೆಯುತ್ತದೆ. ವಾಹನದ ನಿಷೇಧಕ್ಕೆ ಕಾರಣ ಅದುರು ಮತ್ತು ಹೊಗೆ. ವಿಜಯ ವಿಠ್ಠಲ ದೇವಾಲಯದ ಕಡೆಗೆ ಈಗ ವಿದ್ಯುತ್ ವಾಹನಗಳು ಮಾತ್ರ ಹೋಗುವುದು ಇದರಿಂದಾಗಿಯೇ.

ಅದೇ ವಿಠ್ಠಲ ದೇವಾಲಯದ ಸಂಗೀತದ ಕಂಬಗಳ ಸಂಗತಿ ಎಲ್ಲರಿಗೂ ತಿಳಿದದ್ದು. ಒಂದೇ ಬಂಡೆಯಲ್ಲಿ ಬಿಡಿಸಿದ ತೆಳ್ಳನೆಯ ಕಿರುಗಂಬಗಳನ್ನು ತಟ್ಟಿದರೆ ನಾದ ಬರುತ್ತದೆ. ಒಬ್ಬ ಪ್ರವಾಸಿ ಒಮ್ಮೆ ಬೆರಳಿನಿಂದ ತಟ್ಟಿದರೆ ಕಂಬ ಮುರಿಯುವುದಿಲ್ಲ. ಆದರೆ ದಿನಕ್ಕೆ ಸಾವಿರ ಜನ, ವರ್ಷಕ್ಕೆ ಲಕ್ಷಾಂತರ ಜನ, ಅವರಲ್ಲಿ ಕೆಲವರು ಕಲ್ಲಿನಿಂದಲೇ ಕುಟ್ಟಿದರೆ? ಅದಕ್ಕಾಗಿ ಆ ಮಂಟಪಕ್ಕೆ ಪ್ರವೇಶ ನಿರ್ಬಂಧಿಸಲಾಯಿತು. ಎದುರಿನ ಕಲ್ಲಿನ ರಥದ ಚಕ್ರಗಳು ಹಿಂದೆ ತಿರುಗುತ್ತಿದ್ದವು. ತಿರುಗಿಸಿ ತಿರುಗಿಸಿ ಸವೆಯುವುದನ್ನು ತಡೆಯಲು ಸಿಮೆಂಟ್ ಹಾಕಿ ನಿಲ್ಲಿಸಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಇಂದು ಅದಿಲ್ಲ. ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗಿರುವುದು ಶಿಖರ ಕಳೆದುಕೊಂಡ ರಥ. 2020ರಲ್ಲಿ ರಥದ ಸುತ್ತ ತಡೆ ಬೇಲಿಯೂ ಬಂತು. ಒಬ್ಬೊಬ್ಬರ ಕೈಯಿಂದ ಆಗುವ ಹಾನಿ ಕಣ್ಣಿಗೆ ಕಾಣದಷ್ಟು ಸಣ್ಣದು, ಎಲ್ಲರದೂ ಸೇರಿದರೆ ದೊಡ್ಡದು. ನಿಯಮಾವಳಿಯ ಹಿಂದಿರುವ ತಿಳಿವಳಿಕೆ ಇಷ್ಟೇ.

ಹೆಸರು ಕೆತ್ತುವವರ ಚಾಳಿಯನ್ನೂ ಹೀಗೆಯೇ ನೋಡಬಹುದು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣರ ಹೆಸರುಗಳಿವೆ. ಅವನ್ನು ಇತಿಹಾಸಕಾರರು ಕೃತಜ್ಞತೆಯಿಂದ ಓದುತ್ತಾರೆ. ಹಾಗಾದರೆ ಇಂದಿನ ಪ್ರೇಮಿ ಮೊಳೆಯಿಂದ ಗೀಚಿದ ಹೆಸರು ನಾಳಿನ ಶಾಸನವಾಗಲಾರದೇ ಎಂದು ಕೇಳುವವರುಂಟು. ದಾಸೋಜ ತಾನು ಮಾಡಿದ ಶಿಲ್ಪಕ್ಕೆ ತನ್ನ ಹೆಸರಿಟ್ಟ. ಗೀಚುವವನು ಇನ್ನೊಬ್ಬ ಮಾಡಿದ್ದರ ಮೇಲೆ ಹೆಸರು ಬರೆಯುತ್ತಾನೆ. ವ್ಯತ್ಯಾಸ ಅಷ್ಟು ಸರಳ.

ನಿಯಮಾವಳಿ ಧಾರ್ಮಿಕ ಆಚರಣೆಯನ್ನು ಮಾತ್ರ ಬೇರೆಯಾಗಿ ಕಂಡಿದೆ. ಸ್ಮಾರಕದಲ್ಲಿ ಸಭೆ, ಔತಣ, ಮನರಂಜನೆ ನಡೆಸಲು ಕೇಂದ್ರ ಸರಕಾರದ ಲಿಖಿತ ಅನುಮತಿ ಬೇಕು. ಆದರೆ ರೂಢಿಯಿಂದ ಬಂದ ಧಾರ್ಮಿಕ ಕೂಟಗಳಿಗೆ ಈ ನಿರ್ಬಂಧವಿಲ್ಲ. ಪೂಜೆ ನಿಂತುಹೋದ ವಿಠ್ಠಲನ ಗುಡಿಗೂ ಪೂಜೆ ನಡೆಯುವ ವಿರೂಪಾಕ್ಷನ ಗುಡಿಗೂ ಒಂದೇ ಊರಿನಲ್ಲಿ ಎರಡು ಬಗೆಯ ನಡವಳಿಕೆ ಇರುವುದು ಹೀಗೆ. ಒಂದು ಕಡೆ ಟಿಕೆಟ್ಟು ಮತ್ತು ಕಾವಲುಗಾರ, ಇನ್ನೊಂದು ಕಡೆ ತೆಂಗಿನಕಾಯಿ ಮತ್ತು ತೇರು.

ನೂರಾರು ವರ್ಷ ಏರದ ದಂಡ

ಇಷ್ಟೆಲ್ಲ ನಿಯಮಗಳಿದ್ದೂ ಹಾನಿ ನಿಲ್ಲಲಿಲ್ಲವೇಕೆ? ಒಂದು ಕಾರಣ ದಂಡದ ಮೊತ್ತದಲ್ಲಿಯೇ ಇದೆ. 1904ರಲ್ಲಿ ಐದು ಸಾವಿರ ರೂಪಾಯಿ ಎಂದರೆ ಸಾಮಾನ್ಯ ಕುಟುಂಬವೊಂದು ಒಟ್ಟಿಗೆ ಕಣ್ಣಿಂದ ಕಾಣಲಾಗದ ಹಣ. 1958ರ ಕಾಯಿದೆ ಅದೇ ಐದು ಸಾವಿರವನ್ನೂ ಅದೇ ಮೂರು ತಿಂಗಳನ್ನೂ ಉಳಿಸಿಕೊಂಡಿತು. ರೂಪಾಯಿಯ ಬೆಲೆ ಕುಸಿಯುತ್ತ ಬಂದರೂ ದಂಡ ಅಲ್ಲಿಯೇ ನಿಂತಿತು. 2010ರ ತಿದ್ದುಪಡಿ ಬಂದ ಮೇಲೆಯೇ ಅದು ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದಾದದ್ದು. ನಡುವೆ 106 ವರ್ಷ ಕಳೆದಿತ್ತು.

ಇನ್ನೊಂದು ಬದಲಾವಣೆ ಸ್ಮಾರಕದ ಸುತ್ತಲಿನ ನೆಲಕ್ಕೆ ಸಂಬಂಧಿಸಿದ್ದು. 1992ರ ಜೂನ್ 16ರ ಅಧಿಸೂಚನೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಸಾರಿತು. 2010ರಲ್ಲಿ ಇದೂ ಕಾಯಿದೆಯ ಭಾಗವಾಯಿತು. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ಕ್ಕಿಂತ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಅಲ್ಲಿಯವರೆಗೆ ನಿಯಮಗಳು ಮುಖ್ಯವಾಗಿ ಬಂದುಹೋಗುವ ಪ್ರವಾಸಿಗನಿಗೆ ಸಂಬಂಧಿಸಿದ್ದವು. ಈಗ ಅವು ಅಲ್ಲಿಯೇ ಹುಟ್ಟಿ ಬೆಳೆದವನ ಮನೆಯ ಸೂರಿನವರೆಗೆ ಬಂದವು.

ನೆಲವೇ ಸ್ಮಾರಕವಾದಾಗ

ಹಂಪಿಯ ತೊಡಕು ಇರುವುದು ಇಲ್ಲಿ. ಬೇಲೂರಿನಲ್ಲಿ ಸ್ಮಾರಕ ಎಂದರೆ ಪ್ರಾಕಾರದೊಳಗಿನ ಗುಡಿ. ಹಂಪಿಯಲ್ಲಿ ಸ್ಮಾರಕ ಎಂದರೆ ಇಡೀ ನಗರ. ಕೋಟೆ, ಬೀದಿ, ಕಾಲುವೆ, ಪುಷ್ಕರಿಣಿ, ಬಂಡೆಗಳ ನಡುವಿನ ಗದ್ದೆ ಎಲ್ಲವೂ ಅದರಲ್ಲಿ ಸೇರಿವೆ. ವಿಜಯನಗರ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆ, ಭತ್ತಕ್ಕೆ ನೀರುಣಿಸುತ್ತದೆ. ಅದು ಸ್ಮಾರಕವೂ ಹೌದು, ರೈತನ ಜೀವನಾಧಾರವೂ ಹೌದು.

ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ನೆಲದಲ್ಲಿ ಅದರ ಒಡೆಯನೂ ಕಟ್ಟಡ ಕಟ್ಟುವಂತಿಲ್ಲ, ಕಲ್ಲು ಒಡೆಯುವಂತಿಲ್ಲ, ಅಗೆಯುವಂತಿಲ್ಲ ಎಂದು 1958ರ ಕಾಯಿದೆಯ 19ನೆಯ ಕಲಮು ಹೇಳುತ್ತದೆ. ಆದರೆ ಬೇಸಾಯಕ್ಕೆ ಅದು ಒಂದು ರಿಯಾಯಿತಿ ಕೊಟ್ಟಿದೆ: ನೆಲದ ಮೇಲಿನ ಒಂದು ಅಡಿ ಮಣ್ಣಿನ ಮಿತಿಯೊಳಗೆ ಉಳುಮೆ ಮಾಡಬಹುದು. ಮೇಲಿನ ಅಡಿಯಷ್ಟು ಮಣ್ಣು ರೈತನದು, ಕೆಳಗಿನದು ಇತಿಹಾಸದ್ದು ಎಂದು ಇದನ್ನು ಅರ್ಥ ಮಾಡಬಹುದು. ನೇಗಿಲಿನ ಕಾಲಕ್ಕೆ ಒಪ್ಪುವ ಈ ಹಂಚಿಕೆ ಟ್ರ್ಯಾಕ್ಟರ್ ಮತ್ತು ಅಗೆಯುವ ಯಂತ್ರಗಳ ಕಾಲದಲ್ಲಿ ಅಷ್ಟು ಸುಲಭವಾಗಿ ಉಳಿಯುವುದಿಲ್ಲ.

1986ರಲ್ಲಿ ಯುನೆಸ್ಕೋ ಹಂಪಿಯ ಸ್ಮಾರಕ ಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1988ರ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ತನ್ನ 1961ರ ಕಾಯಿದೆಯಂತೆ ಹಂಪಿಯ ಸುತ್ತಲಿನ ವಿಸ್ತಾರವಾದ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು. ಹೀಗಿದ್ದೂ 1990ರ ದಶಕದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿಯ ಬಳಿ ಮತ್ತು ವಿರೂಪಾಪುರ ಗಡ್ಡೆಯ ಬಳಿ ಎರಡು ತೂಗುಸೇತುವೆಗಳ ಕೆಲಸ ಆರಂಭವಾಯಿತು. ಕಟ್ಟಲು ಹೊರಟದ್ದು ಸರಕಾರವೇ! 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಶತಮಾನದ ಹಿಂದೆ ಬಿಜಾಪುರದ ಮಸೀದಿಯಲ್ಲಿ ಅಂಚೆ ಕಚೇರಿ ಇಟ್ಟವರ ಮರೆವು ಇಲ್ಲಿ ಬೇರೆ ರೂಪದಲ್ಲಿ ಮರುಕಳಿಸಿತೆನ್ನಬೇಕು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನದಿಯ ಆಚೆಯ ಜನಕ್ಕೆ ಸೇತುವೆ ಬೇಕಾಗಿತ್ತು. ಸುತ್ತುದಾರಿ ಹಿಡಿಯದೆ ಆಸ್ಪತ್ರೆಗೆ, ಪೇಟೆಗೆ, ಶಾಲೆಗೆ ಹೋಗಬೇಕಾದವರು ಹರಿಗೋಲನ್ನೇ ನಂಬಬೇಕಿತ್ತು. ಹೊಳೆ ತುಂಬಿದರೆ ಅದೂ ಇಲ್ಲ. ನೋಡುವವರ ಕಣ್ಣಿಗೆ ಹರಿಗೋಲು ಚೆಂದ, ದಿನವೂ ದಾಟುವವರಿಗೆ ಅದು ಭಯ. ವಿವಾದದ ನಂತರ 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಕಾಯಿದೆ ರಚನೆಯಾಯಿತು. 2006ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. 2009ರ ಜನವರಿಯಲ್ಲಿ ಇನ್ನೂ ಮುಗಿಯದ ಆನೆಗೊಂದಿಯ ಸೇತುವೆ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಮುಂದೆ ಸ್ಮಾರಕಗಳಿಂದ ದೂರದಲ್ಲಿ, ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ, ಬೇರೆ ಸೇತುವೆ ಬಂತು. ಅದನ್ನು ಮೊದಲೇ ಯೋಚಿಸಿದ್ದರೆ ಎಂಬ ಪ್ರಶ್ನೆ ಉಳಿಯಿತು.

ಬಜಾರಿನಲ್ಲಿ ಬಜಾರು

2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷನ ಎದುರಿನ ರಥಬೀದಿಯಲ್ಲಿ ಜೆಸಿಬಿ ಯಂತ್ರಗಳು ಬಂದು ನಿಂತವು. ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ, ಅವುಗಳ ಮುಂದೆ ಹಿಂದೆ, ದಶಕಗಳಿಂದ ನೂರಾರು ಕುಟುಂಬಗಳು ವಾಸವಾಗಿದ್ದವು. ಕಲ್ಲಿನ ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎದ್ದಿತ್ತು. ಖಾನಾವಳಿ, ಚಹಾದಂಗಡಿ, ಬಟ್ಟೆಯಂಗಡಿಗಳು ತುಂಬಿದ್ದವು. ನ್ಯಾಯಾಲಯದ ಮೆಟ್ಟಿಲೇರಿದ ವಿಷಯ ಕೊನೆಗೆ ತೆರವಿನಲ್ಲಿ ಮುಗಿಯಿತು. ಮನೆ ಕಳೆದುಕೊಂಡವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. ಅಂಗಡಿ ಕಳೆದುಕೊಂಡವರಿಗೆ ಪ್ರವಾಸಿಗರು ಓಡಾಡುವ ಬೀದಿಯಿಂದ ಅಷ್ಟು ದೂರದಲ್ಲಿ ವ್ಯಾಪಾರ ಕಟ್ಟಿಕೊಳ್ಳುವುದು ಸುಲಭವಾಗಿರಲಿಲ್ಲ.

ಇಲಾಖೆಯ ವಾದದಲ್ಲಿ ತಿರುಳಿತ್ತು. ಹಂಪಿಯ ಮಂಟಪಗಳು ಬಹುಪಾಲು ಗಾರೆಯಿಲ್ಲದೆ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟು ಕಟ್ಟಿದವು. ಭಾರವೇ ಅವನ್ನು ಹಿಡಿದಿಡುವ ಬಂಧ. ಕಂಬಕ್ಕೆ ಗೋಡೆ ತಾಗಿಸಿ, ಮೊಳೆ ಹೊಡೆದು, ಮೇಲೆ ಇನ್ನೊಂದು ಅಂತಸ್ತು ಏರಿಸಿದರೆ ಆ ಸಮತೋಲ ತಪ್ಪುತ್ತದೆ. ಒಳಗೆ ಒಲೆ ಉರಿದರೆ ಕಲ್ಲು ಕಪ್ಪಾಗುತ್ತದೆ.

ನಿವಾಸಿಗಳ ವಾದದಲ್ಲೂ ತಿರುಳಿತ್ತು. ಬಜಾರನ್ನು ಬಜಾರಾಗಿಯೇ ಕಟ್ಟಿದ್ದಲ್ಲವೇ? 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, 1520ರ ವೇಳೆಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಇಬ್ಬರೂ ವಿಜಯನಗರದ ಪೇಟೆಗಳ ಸಡಗರವನ್ನು ಬೆರಗಿನಿಂದ ಬರೆದಿದ್ದಾರೆ. ಜನ ತುಂಬಿದ ಪೇಟೆಯನ್ನು ಕಾಪಾಡಲು ಜನರನ್ನು ಹೊರಗೆ ಕಳಿಸಿದರೆ ಉಳಿಯುವುದೇನು ಎಂದು ಅವರು ಕೇಳಿದರು. ಇಂದು ಆ ಬೀದಿ ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗೆ ತೆರವಾಗಿ, ವಿಶಾಲವಾಗಿ ಕಾಣುತ್ತದೆ. ತೇರಿನ ದಿನ ಬಿಟ್ಟರೆ ಬಹುಮಟ್ಟಿಗೆ ಮೌನವಾಗಿಯೂ ಇರುತ್ತದೆ.

ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಸಂಗತಿ ಬೇರೆ. ಅಲ್ಲಿ ಬೆಳೆದದ್ದು ಪ್ರವಾಸಿಗರ ಬಿಡಾರಗಳು. 1988ರ ಅಧಿಸೂಚನೆಗೆ ತಮ್ಮ ಜಾಗ ಸೇರುವುದಿಲ್ಲ ಎಂದು ಮಾಲೀಕರು ವಾದಿಸಿದರು. 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪದೆ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳು ಕಟ್ಟಡಗಳು ನೆಲಕ್ಕುರುಳಿದವು. ಮೂವತ್ತು ವರ್ಷ ಸುಮ್ಮನಿದ್ದು ಒಂದು ತಿಂಗಳಲ್ಲಿ ಜಾರಿಯಾಗುವ ನಿಯಮ ನ್ಯಾಯವಾಗಿದ್ದರೂ ಜನರಿಗೆ ಅನ್ಯಾಯದಂತೆ ಕಾಣುತ್ತದೆ. ಮೊದಲ ಇಟ್ಟಿಗೆ ಇಟ್ಟ ದಿನವೇ ಹೇಳಿದ್ದರೆ ಬೇಕಾಗಿದ್ದುದು ಒಂದು ಮಾತು ಮಾತ್ರ.

ಎತ್ತಿ ನಿಲ್ಲಿಸಿದ ಕಂಬ

2019ರ ಫೆಬ್ರವರಿಯ ಆರಂಭದಲ್ಲಿ ಒಂದು ವಿಡಿಯೋ ನಾಡಿನಾದ್ಯಂತ ಹರಿದಾಡಿತು. ಹಂಪಿಯ ಗಜಶಾಲೆಯ ಹಿಂಬದಿಯ ವಿಷ್ಣು ದೇವಾಲಯದ ಬಳಿ ಯುವಕನೊಬ್ಬ ನಿಂತ ಕಂಬವನ್ನು ತಳ್ಳಿ ಕೆಡಹುತ್ತಿದ್ದ ದೃಶ್ಯ ಅದು. ಕಾರಣ ದ್ವೇಷವಲ್ಲ, ಕಳ್ಳತನವಲ್ಲ, ಬರಿಯ ಮೋಜು. ಗಾರೆಯಿಲ್ಲದೆ ಭಾರದಿಂದಲೇ ನಿಂತ ಕಂಬ ಐದು ಶತಮಾನ ಮಳೆ ಗಾಳಿಗೆ ಜಗ್ಗದೆ, ಪಕ್ಕದಿಂದ ಬಂದ ಒಂದು ನೂಕಿಗೆ ಉರುಳಿತು.

ಸಿಕ್ಕಿಬಿದ್ದ ಯುವಕರಿಗೆ ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಅಷ್ಟೇ ಅಲ್ಲ, ಉರುಳಿಸಿದ ಕಂಬವನ್ನು ಇಲಾಖೆಯವರ ಕಣ್ಣೆದುರು ಮತ್ತೆ ಎತ್ತಿ ನಿಲ್ಲಿಸಬೇಕೆಂದೂ ಆದೇಶಿಸಿತು. ತಳ್ಳಲು ಕ್ಷಣ ಸಾಕಾಗಿತ್ತು. ಎತ್ತುವಾಗ ಕಲ್ಲಿನ ತೂಕ ಎಷ್ಟೆಂಬುದು ಅವರ ತೋಳಿಗೆ ತಿಳಿಯಿತು. 2010ರ ತಿದ್ದುಪಡಿ ಇಲ್ಲದಿದ್ದರೆ ದಂಡ 1904ರ ಐದು ಸಾವಿರವನ್ನು ದಾಟುವಂತಿರಲಿಲ್ಲ. ಆದರೆ ಊರವರ ಬಾಯಲ್ಲಿ ಉಳಿದದ್ದು ದಂಡದ ಮೊತ್ತವಲ್ಲ, ಕಂಬ ಎತ್ತಿಸಿದ ಸಂಗತಿ. ಶಿಕ್ಷೆಯ ಜೊತೆಗೆ ಕಾರಣವೂ ತಿಳಿದದ್ದು ಅಲ್ಲಿ.

ಶಾಸನದ ಶಾಪಕ್ಕೆ ಪೊಲೀಸರಿರಲಿಲ್ಲ. ಅದು ಕೇಳುವವನ ಭಯವನ್ನೂ ನಂಬಿಕೆಯನ್ನೂ ಆಧರಿಸಿ ನಿಂತಿತ್ತು. ಇಂದಿನ ಕಾನೂನಿಗೆ ಪೊಲೀಸರಿದ್ದಾರೆ, ಆದರೆ ಹಂಪಿಯಷ್ಟು ವಿಸ್ತಾರದ ಬಯಲಿನಲ್ಲಿ ಪ್ರತಿ ಮಂಟಪಕ್ಕೂ ಕಾವಲುಗಾರನನ್ನು ನಿಲ್ಲಿಸುವುದು ಯಾವ ಸರಕಾರಕ್ಕೂ ಆಗದ ಮಾತು. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು ಪ್ರತಿ ನಾಗರಿಕನ ಕರ್ತವ್ಯವೆನ್ನುತ್ತದೆ. ಈ ಕರ್ತವ್ಯಕ್ಕೆ ದಂಡವಿಲ್ಲ; ಅದು ಶಾಪದ ಹಾಗೆ ಮನಸ್ಸನ್ನೇ ನಂಬಿದೆ.

ನೀಲಿ ಫಲಕ ಶಿಕ್ಷೆಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಒಲೆಯ ಹೊಗೆ ಚಿತ್ರಕ್ಕೆ ಏನು ಮಾಡುತ್ತದೆ, ಕಂಬ ಯಾವುದರ ಬಲದಿಂದ ನಿಂತಿದೆ, ಒಂದು ಅಡಿಯ ಕೆಳಗಿನ ಮಣ್ಣಿನಲ್ಲಿ ಏನಿದೆ ಎಂಬ ನಾಲ್ಕು ಸಾಲುಗಳಿಗೂ ಅದರಲ್ಲಿ ಜಾಗ ಮಾಡಬಹುದು. ಒಳಗೆ ಬರುವುದು ನಿಮ್ಮ ಹಕ್ಕು ಎಂಬ 18ನೆಯ ಕಲಮಿನ ಮಾತನ್ನೂ ಸೇರಿಸಬಹುದು. ಶಾಸನ ಬರೆದವರು ಶಾಪಕ್ಕೆ ಮೊದಲು ಯಾರು ಕೊಟ್ಟರು, ಏನು ಕೊಟ್ಟರು, ಯಾತಕ್ಕಾಗಿ ಕೊಟ್ಟರು ಎಂಬುದನ್ನು ವಿವರವಾಗಿ ಹೇಳುತ್ತಿದ್ದರು. ಎಚ್ಚರಿಕೆ ಬರುತ್ತಿದ್ದುದು ಅದರ ನಂತರ.